ಐದನೇ ದಿನದ ಚಕ್ಕಡಿ

ಹೂಂ ಅನ್ನಬೇಕು ನೋಡು, ಹೂಂ ಅಂದ್ರನ ಕತಿ ಮುಂದ ಹೋಗೂದು. ಒಂದಾನೊಂದು ಕಾಲದಾಗ ಹೊಳಿ ದಂಡಿಗೆ ಒಂದೂರು ಇತ್ತಂತ. ಆಚಿ ದಂಡಿಯ ಒಂದ ಮನಿಯಿಂದ ಮೂರು ಮಂದಿ ಅಕ್ಕತಂಗೇರು ಆ ಊರಿಗೆ ಸೊಸೆಯರಾಗಿ ಬಂದಿದ್ರಂತ, ಮೂವರಿಗೂ ಒಬ್ಬಾಕಿನ ಅತ್ತಿ. ಎಲ್ಲಾರಿಗಿಂತ ಸಣ್ಣಾಕಿ ಕಾಶವ್ವ. ಪಂಚಮಿ ಹಬ್ಬ ಬಂತಂದ್ರ ಆಕಿ ಜೀವ ಎಲ್ಲಾ ತವರಮನ್ಯಾಗ.

ಆ ವರ್ಷ ಹೊಳಿ ತುಂಬಿ ಬಂತಂತ. ಆಮ್ಯಾಲ ಮಳಿ ನಿಂತು, ಹಬ್ಬಕ್ಕ ಇನ್ನಾರು ದಿನ ಇರುವಾಗ ಅವರಣ್ಣ ಯಮನಪ್ಪ ಆಚಿ ದಂಡ್ಯಾಗ ನಿಂತು ಕೂಗಿದ್ನಂತ. ಏ ತಂಗೇರಾ, ಚಕ್ಕಡಿ ಮಂದೀದು, ಒಂದ ದಿನ ಕೊಡ್ತಾರ, ಯಾವತ್ತು ತರಲಿ, ಸಂಜಿಗೆ ಬಂದು ಕೇಳ್ತೀನಿ, ಅವತ್ತು ನೀರು ಇಳದಿಲ್ಲಂದ್ರ ಈ ವರ್ಷ ನಿಮಗ ತವರು ಇಲ್ಲ ಅಂತ.

ಹೊಳಿಗಿಳಿಯಾಕ ಕಲ್ಲಿನ ಪಾವಟಿಗಿ, ಅಂದ್ರ ಮೆಟ್ಟಲು, ಇದ್ವು. ಬ್ಯಾಸಗ್ಯಾಗ ನೀರು ತರುವಾಗ ಕಾಶವ್ವ ಅವನ್ನ ತಳದಿಂದ ಎಣಿಸಿದ್ಲಂತ. ಮೊನ್ನೆ ನೀರು ಹದಿನೆಂಟನೇ ಪಾವಟಿಗಿ ಮಟ, ನಿನ್ನೆ ಹದಿನಾರು, ಇವತ್ತು ಹದಿನಾಲ್ಕು. ಹಿರಿಯಾಕಿ, ದಿನಕ್ಕ ಎರಡರಂಗ ಹದಿನಾಲ್ಕು ಇಳಿಯಾಕ ಏಳು ದಿನ ಬೇಕು, ಹಬ್ಬ ಮುಗದಿರತೈತಿ ಅಂತ ಅಳಾಕ ಕುಂತ್ಲಂತ. ನಡುವಿನಾಕಿ, ನಾಳೇನ ಬಾ ಅನ್ನೂಣು, ದೇವರಿದ್ದಾನ ಅಂದ್ಲಂತ. ಕಾಶವ್ವ ಎರಡೂ ಒಪ್ಪಲಿಲ್ಲ. ಹೊಳಿ ಪೂರಾ ಬತ್ತಬೇಕಂತ ಯಾರು ಹೇಳ್ಯಾರ, ನಾಲ್ಕು ಪಾವಟಿಗಿ ನೀರಿದ್ರೂ ಎತ್ತು ದಾಟತಾವ, ಆ ನಾಲ್ಕನ್ನ ಬದಿಗಿಡ್ರಿ, ಉಳದದ್ದು ಹತ್ತು, ದಿನಕ್ಕ ಎರಡಂದ್ರ ಐದು ದಿನ ಅಂದ್ಲಂತ.

ಅಕ್ಕಗೋಳು ನಂಬಲಿಲ್ಲ. ಆಮ್ಯಾಲ ಆಕಿ ರಂಗೋಲಿ ತಗೊಂಡು ಅಂಗಳಕ್ಕ ಹೋಗಿ, ಅಡ್ಡಕ್ಕ ದಿನಕ್ಕೊಂದು ಚುಕ್ಕಿ, ಮ್ಯಾಲಕ್ಕ ಪಾವಟಿಗಿಗೊಂದು ಚುಕ್ಕಿ ಇಟ್ಟು, ಮೂರು ದಿನದ ನೀರು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲಾ ಕುಂಕುಮದ ಬೊಟ್ಟು ಇಟ್ಲಂತ. ಮೂರೂ ಬೊಟ್ಟಿನ ಮ್ಯಾಗ ದಾರ ಹಿಡದು ಮುಂದಕ್ಕ ಜಗ್ಗಿದ್ರ, ದಾರ ಓರೆಯಾಗಿ ಇಳಕೋತ ಹೋಗಿ ನಾಲ್ಕನೇ ಪಾವಟಿಗಿಗೆ ಬಂದಾಗ, ನಾಳಿಯಿಂದ ಎಣಿಸಿದ್ರ, ಸರಿಯಾಗಿ ಐದನೇ ದಿನ! ಅತ್ತಿ ಬಂದು, ಇದೇನವಾ, ಹೂವಿಲ್ಲ ಬಳ್ಳಿಲ್ಲ, ಇದ್ಯಾವ ರಂಗೋಲಿ ಅಂತ ಬೈದ್ಲಂತ. ಬೈಲಿ ಬಿಡು. ಸಂಜಿಗೆ ಕಾಶವ್ವ ಗಂಟಲು ಹರಿಯೂಹಂಗ ಕೂಗಿದ್ಲು, ಲೆಕ್ಕಾ ಹಾಕೀನಿ, ಐದನೇ ದಿನ ಬಾರೋ ಅಣ್ಣಾ ಅಂತ.

ಆಮ್ಯಾಲ ದಿನಾ ಮುಂಜಾನೆ ಹೊಳಿ ನೋಡಿ ಬಂದು ಒಂದು ಬೊಟ್ಟು ಇಡೂದು, ಅದು ದಾರದ ಮ್ಯಾಗ ಕುಂದ್ರೂದು. ನಾಲ್ಕನೇ ದಿನ ಮಾಡ ಕವಿದಾಗ ಮಾತ್ರ ಆಕಿ ಗಳಿಗಿಗೊಮ್ಮೆ ಹೊರಗ ಬಂದು ಮುಗಿಲು ನೋಡಿದ್ಲಂತ. ಮಳಿ ಬಂದ್ರ ಎಲ್ಲಾ ಹೋತು, ಅಕ್ಕಗೋಳ ಹಬ್ಬಾನೂ ಕೆಡಿಸಿದ್ನಲ್ಲಾ ಅಂತ ಊಟಾನೂ ಮಾಡಲಿಲ್ಲಂತ. ಮಾಡ ಹಂಗ ಹಾರಿಹೋತು.

ಐದನೇ ದಿನ ನೀರು ನಾಲ್ಕನೇ ಪಾವಟಿಗಿ ಮಟ ನಿಂತಿತ್ತಂತ. ಎತ್ತಿನ ಹೊಟ್ಟಿ ತೊಯ್ತು, ಚಕ್ಕಡಿ ದಾಟಿತು. ತವರಮನಿ ಹೊಸ್ತಿಲದಾಗ ಅವ್ವ ಕಾಲಿಗೆ ನೀರು ಹಿಡದು ನಿಂತಿದ್ಲು, ಒಳಗ ಮೂರು ಬುಟ್ಟಿ ಉಂಡಿ ಕಟ್ಟಿಟ್ಟಿದ್ಲು. ನೀರು ಇಳದಿರಲಿಲ್ಲಂದ್ರ ಇಷ್ಟು ಉಂಡಿ ಏನ್ಮಾಡ್ತಿದ್ದಿ ಯವ್ವಾ ಅಂತ ಹಿರಿಯಾಕಿ ಕೇಳಿದ್ಲಂತ. ಯಾಕ ಇಳಿಯೂದಿಲ್ಲ, ನಮ್ಮ ಕಾಶಿ ಲೆಕ್ಕಾ ಹಾಕಿ ಹೇಳ್ಯಾಳಲ್ಲ ಅಂದ್ಲಂತ ಅವ್ವ. ಅಷ್ಟು ಕೇಳಿದ್ದ ತಡ, ಕಾಶವ್ವ ಅವ್ವನ ಹೆಗಲಿಗೆ ಮಾರಿ ಇಟ್ಟು ಸಂತೋಷಕ್ಕ ಅತ್ತಬಿಟ್ಲಂತ.

ಅವರು ಉಂಡಿ ತಿಂದು ತವರಾಗ ಸುಖದಿಂದ ಇದ್ರು, ಇಲ್ಲಿಗೆ ನಮ್ಮ ಕತಿ ಮುಗೀತು. ಕಣ್ಣು ಮುಚ್ಚಿನ್ನ.