ನಿಲ್ಲದೆ ಓಡಿದ ಹುಲ್ಲಿನ ಗಾಡಿ

ಕಾಗದದ ಕಾರ್ಖಾನೆಯೊಂದರ ಕಾಲೊನಿಯಲ್ಲಿ ವೀರಭದ್ರಾಚಾರಿ ಎಂಬ ಎಲೆಕ್ಟ್ರಿಷಿಯನ್ ಇದ್ದ. ಕೆಟ್ಟ ಯಂತ್ರದ ಕಾಯಿಲೆ ಕಂಡುಹಿಡಿಯುವುದರಲ್ಲಿ ಎತ್ತಿದ ಕೈ. ಪಂಪೋ ಜನರೇಟರೋ, ಏನೇ ಬರಲಿ, ಟೆಸ್ಟ್ ಲ್ಯಾಂಪ್ ಹಿಡಿದು ಕೂತನೆಂದರೆ ದೋಷ ಸಿಗದೆ ಏಳುತ್ತಿರಲಿಲ್ಲ. ಆ ಬಗ್ಗೆ ಜಂಬವೂ ಇತ್ತು. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಒಂಚೂರು ಜಂಬ ಇದ್ದರೇನಂತೆ! ಅವನು ಎಡವಿದ್ದು ಬೇರೆ ಕಡೆ.

ಕಾಲೊನಿಯ ದೊಡ್ಡ ಮೈದಾನಕ್ಕೆ ಹುಲ್ಲು ಕತ್ತರಿಸುವ ಗಾಡಿಯೊಂದಿತ್ತು. ಪುಟ್ಟ ಟ್ರ್ಯಾಕ್ಟರಿನ ಹಾಗೆ ಮೇಲೆ ಕೂತು ಓಡಿಸುವಂಥದ್ದು. ಅದನ್ನು ಓಡಿಸುತ್ತಿದ್ದವನು ಹೊಂಬಾಳಯ್ಯ. ಇಪ್ಪತ್ತು ವರ್ಷದಿಂದ ಅವನಿಗೂ ಆಚಾರಿಗೂ ಸ್ನೇಹ. ದಿನಾ ಹನ್ನೊಂದು ಗಂಟೆಗೆ ಆಚಾರಿಯ ಶೆಡ್ಡಿನಲ್ಲಿ ಇಬ್ಬರೂ ಕೂತು ಟೀ ಕುಡಿಯಬೇಕು, ಇಲ್ಲದಿದ್ದರೆ ಇಬ್ಬರಿಗೂ ಏನೋ ಕಳೆದುಕೊಂಡ ಹಾಗೆ.

ಒಂದು ದಿನ ಹೊಂಬಾಳಯ್ಯ ಗಾಡಿಯನ್ನು ತಳ್ಳಿಸಿಕೊಂಡು ಶೆಡ್ಡಿಗೆ ಬಂದ. "ಆಚಾರ್ರೇ, ಹಳ್ಳಗುಂಡಿ ಬಂದ್ರೆ ಸಾಕು, ಇದು ಗಕ್ಕಂತ ನಿಂತೋಯ್ತದೆ."

ಆಚಾರಿ ಬ್ಯಾಟರಿಯ ತುದಿಗೆ ಕಟ್ಟಿದ್ದ ಹಸಿರು ಕಿಲುಬನ್ನು ಬಿಸಿನೀರು ಹಾಕಿ ಉಜ್ಜಿದ. ಫ್ಯೂಸ್ ನೋಡಿದ. ಅರ್ಥಿಂಗ್ ವೈರು ಬಿಗಿದ. ಆಮೇಲೆ ತಾನೇ ಹತ್ತಿ ಮೈದಾನ ಸುತ್ತಿ ಬಂದ. ಆಚಾರಿಯದು ದಪ್ಪ ಶರೀರ. ಗಾಡಿ ಒಂದು ಸಲವೂ ನಿಲ್ಲಲಿಲ್ಲ.

"ನೋಡಯ್ಯಾ, ಗಾಡಿ ಕಲ್ಲುಗುಂಡು ಇದ್ದಂಗದೆ. ಓಡ್ಸೋನ್ ಸರಿ ಇಲ್ಲ ಅಷ್ಟೆ!"

ಸುತ್ತ ನಿಂತವರು ನಕ್ಕರು. ಹೊಂಬಾಳಯ್ಯನೂ ನಕ್ಕ. ಹೋಗುವಾಗ ಸೊಂಟದ ಬೆಲ್ಟು ಬಿಚ್ಚಿ ಕೊಟ್ಟು, "ಇದಕ್ಕೊಂದು ತೂತು ಹೊಡ್ಕೊಡಿ, ಪ್ಯಾಂಟು ನಿಲ್ತಾ ಇಲ್ಲ" ಎಂದ. ಆಚಾರಿ ಮೊಳೆ ಇಟ್ಟು ಸುತ್ತಿಗೆಯಿಂದ ಒಂದೇ ಏಟಿಗೆ ತೂತು ಮಾಡಿಕೊಟ್ಟ.

ತಿಂಗಳಾಗಿಲ್ಲ, ಗಾಡಿ ಮತ್ತೆ ಬಂತು. ಆಚಾರಿ ಕೀ ತಿರುಗಿಸುವ ಸ್ವಿಚ್ಚು ಬಿಚ್ಚಿದ, ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದ. ಏನೂ ಸಿಗಲಿಲ್ಲ. ತಾನು ಹತ್ತಿದರೆ ಓಡುತ್ತದೆ, ಅವನು ಹತ್ತಿದರೆ ನಿಲ್ಲುತ್ತದೆ. ಇದೆಂಥ ಗ್ರಹಚಾರ! ಆವತ್ತೂ ಬೆಲ್ಟಿಗೆ ಇನ್ನೊಂದು ತೂತು ಬಿತ್ತು. "ಏನಯ್ಯಾ, ಯಾರ ಶರ್ಟು ಹಾಕ್ಕೊಂಡ್ ಬಂದಿದೀಯ?" ಎಂದು ಆಚಾರಿ ಕಿಚಾಯಿಸಿದ. "ನಂದೇ ಕಣ್ ಆಚಾರ್ರೇ" ಎಂದ ಹೊಂಬಾಳಯ್ಯ, ಶೆಡ್ಡಿನ ಕೊಡದಿಂದ ಮೂರು ಲೋಟ ನೀರು ಒಂದೇ ಸಮನೆ ಕುಡಿದ. ಬಿಸಿಲಪ್ಪಾ ಬಿಸಿಲು ಎಂದುಕೊಂಡ ಆಚಾರಿ.

ಮೂರನೆಯ ಸಲ ಬಂದಾಗ ಆಚಾರಿಗೆ ರೇಗಿಹೋಯಿತು. ಸೀಟು ಎತ್ತಿದ. ಇಂಥ ಗಾಡಿಗಳ ಸೀಟಿನ ಕೆಳಗೆ ಒಂದು ಪುಟ್ಟ ಸ್ವಿಚ್ಚಿರುತ್ತದೆ. ಮೇಲೆ ಆಳು ಕೂತರೆ ಅದುಮಿಕೊಳ್ಳುತ್ತದೆ, ಆಳು ಎದ್ದರೆ ಅಥವಾ ಬಿದ್ದರೆ ಬಿಟ್ಟುಕೊಂಡು ಎಂಜಿನ್ ನಿಲ್ಲಿಸುತ್ತದೆ. ಕೂತವನ ಜೀವ ಕಾಯಲೆಂದೇ ಅದನ್ನು ಇಟ್ಟಿರುವುದು. ಹೊಂಬಾಳಯ್ಯನನ್ನು ಕೂರಿಸಿ ಬಗ್ಗಿ ನೋಡಿದ. ಸ್ವಿಚ್ಚು ಪೂರ್ತಿ ಅದುಮಿಕೊಂಡಿರಲಿಲ್ಲ.

"ಸಿಕ್ಕಿಬಿದ್ದ ಕಳ್ಳ! ಸ್ಪ್ರಿಂಗು ಬಿರುಸಾಗ್ಯದೆ."

"ಹೊಸ್ದಾಗಿದ್ದಾಗ್ಲೂ ಇದೇ ಸ್ಪ್ರಿಂಗೇ ಅಲ್ವಾ ಆಚಾರ್ರೇ? ಆಗೆಲ್ಲ ನಾನ್ ಕೂತ್ರೆ ಓಡ್ತಿತ್ತಲ್ಲ?"

ಅಯ್ಯೋ, ಆ ಮಾತನ್ನು ಒಂದು ಗಳಿಗೆ ತಲೆಗೆ ಹಾಕಿಕೊಳ್ಳಬಾರದಿತ್ತೇ! ಆಚಾರಿ ಹಾಕಿಕೊಳ್ಳಲಿಲ್ಲ. ಸ್ವಿಚ್ಚಿನ ಎರಡು ವೈರು ಕತ್ತರಿಸಿ, ಒಂದಕ್ಕೊಂದು ಸುತ್ತಿ, ಮೇಲೆ ಟೇಪು ಹಚ್ಚಿದ. "ಇನ್ನು ನೀನಲ್ಲ, ಗುಬ್ಬಚ್ಚಿ ಕೂತ್ರೂ ನಿಲ್ಲಲ್ಲ ಹೋಗು!" ಆಮೇಲೆ ಬೆಲ್ಟಿಗೆ ಮೂರನೆಯ ತೂತನ್ನೂ ಹೊಡೆದುಕೊಟ್ಟ.

ಗಾಡಿ ನಿಲ್ಲಲಿಲ್ಲ. ಒಂದು ವಾರ, ಎರಡು ವಾರ. ಮೈದಾನದ ಕಡೆಯಿಂದ ಗುರ್ರೆನ್ನುವ ಸದ್ದು ಕೇಳಿದಾಗಲೆಲ್ಲ ಆಚಾರಿಗೆ ಒಳಗೊಳಗೇ ಖುಷಿ.

ಒಂದು ಬೆಳಿಗ್ಗೆ ಹನ್ನೊಂದಾದರೂ ಹೊಂಬಾಳಯ್ಯ ಟೀಗೆ ಬರಲಿಲ್ಲ. ಆಚಾರಿ ಕಿವಿಗೊಟ್ಟ. ಎಂಜಿನ್ ಓಡುತ್ತಲೇ ಇತ್ತು. "ಕೆಲಸದಲ್ಲಿದಾನೆ, ಬರ್ತಾನೆ ಬಿಡು" ಎಂದುಕೊಂಡು ಒಬ್ಬನೇ ಟೀ ಕುಡಿದ. ಮೊದಲಾಗಿದ್ದರೆ ಸದ್ದು ನಿಂತ ಕೂಡಲೇ ಯಾರಾದರೂ ತಿರುಗಿ ನೋಡುತ್ತಿದ್ದರು. ಆವತ್ತು ಸದ್ದು ನಿಲ್ಲಲೇ ಇಲ್ಲ, ಯಾರೂ ನೋಡಲೂ ಇಲ್ಲ. ಹನ್ನೆರಡೂವರೆಗೆ ಊಟಕ್ಕೆ ಹೊರಟ ಆಚಾರಿ ಮೈದಾನದ ಕಡೆ ಕಣ್ಣು ಹಾಯಿಸಿದ. ಗಾಡಿ ಕಾಂಪೌಂಡಿಗೆ ಮೂತಿ ಒತ್ತಿಕೊಂಡು, ಚಕ್ರದಲ್ಲಿ ಮಣ್ಣು ಕೆದರುತ್ತ ಅರಚುತ್ತಿತ್ತು. ಸೀಟು ಖಾಲಿ. ಅಷ್ಟು ದೂರದಲ್ಲಿ, ಅರ್ಧ ಕತ್ತರಿಸಿದ ಹುಲ್ಲಿನ ನಡುವೆ, ಉರಿಬಿಸಿಲಲ್ಲಿ ಹೊಂಬಾಳಯ್ಯ ಬಿದ್ದಿದ್ದ. ಮೈಮೇಲೆ ಒಂದು ಗಾಯವೂ ಇರಲಿಲ್ಲ, ಎಚ್ಚರವೂ ಇರಲಿಲ್ಲ.

ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. "ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿತ್ತು" ಎಂದರು ಡಾಕ್ಟರು. "ಇಷ್ಟು ಇಳಿದುಹೋಗಿದ್ದಾರಲ್ಲ, ತೂಕ ನಲವತ್ತೊಂದು ಕೆಜಿ. ಜೊತೇಲಿದ್ದ ಯಾರೂ ಗಮನಿಸಲಿಲ್ವಾ?"

ಆಸ್ಪತ್ರೆಯವರು ಕೊಟ್ಟ ಬಟ್ಟೆಗಂಟನ್ನು ಹೊಂಬಾಳಯ್ಯನ ಹೆಂಡತಿ ದೇವೀರಮ್ಮ ಬಿಚ್ಚಿದಾಗ ಬೆಲ್ಟು ಕೆಳಗೆ ಬಿತ್ತು. ಆಚಾರಿ ಅದನ್ನೆತ್ತಿಕೊಂಡ. ಮೂರು ತೂತು. ಮೂರನ್ನೂ ಹೊಡೆದದ್ದು ಅವನದೇ ಕೈ. ಗಾಡಿ ಮೂರು ಸಲವೂ ಒಂದೇ ಮಾತು ಹೇಳಿತ್ತು, ಮೇಲೆ ಕೂತವನು ಕರಗಿಹೋಗುತ್ತಿದ್ದಾನೆ ಎಂದು. ಅವನು ಅದರ ಬಾಯಿಗೆ ಟೇಪು ಹಚ್ಚಿದ್ದ.

"ಸ್ಪ್ರಿಂಗು ಸರಿಯಾಗೇ ಇತ್ತು ಕಣಮ್ಮಾ" ಎಂದವನೇ ಗೋಡೆಗೊರಗಿ ಗಳಗಳನೆ ಅತ್ತುಬಿಟ್ಟ. ದೇವೀರಮ್ಮನಿಗೆ ಆ ಮಾತು ಅರ್ಥವಾಗಲಿಲ್ಲ.

ಆಚಾರಿ ಮಾರನೆಯ ದಿನವೇ ಟೇಪು ಕಿತ್ತು ವೈರುಗಳನ್ನು ಮೊದಲಿನ ಹಾಗೆ ಜೋಡಿಸಿದ. ಈಗಲೂ ಅವನ ಶೆಡ್ಡಿಗೆ ಯಾರೇ ಯಂತ್ರ ತಂದರೂ ಟೆಸ್ಟ್ ಲ್ಯಾಂಪ್ ಆಮೇಲೆ. ಮೊದಲು ತಂದವನನ್ನು ಸ್ಟೂಲಿನ ಮೇಲೆ ಕೂರಿಸಿ, ಮುಖ ನೋಡಿ ಕೇಳುತ್ತಾನೆ: "ಮೈಯಲ್ಲಿ ಹುಷಾರಾಗಿದೀಯೇನಪ್ಪಾ?" ಹನ್ನೊಂದು ಗಂಟೆಗೆ ಎರಡು ಲೋಟ ಟೀ ಬರುತ್ತದೆ. ಒಂದು ಹಾಗೇ ಆರಿಹೋಗುತ್ತದೆ.

ನೀತಿ: ಎಚ್ಚರಿಕೆ ಮತ್ತೆ ಮತ್ತೆ ಕಾಡಿದರೆ ಅದರ ಬಾಯಿ ಮುಚ್ಚಿಸಬೇಡಿ, ಕಾರಣ ಹುಡುಕಿ. ಯಂತ್ರ ಯಾಕೆ ನಿಂತಿತು ಎಂದು ಕೇಳುವ ಮೊದಲು, ಅದರ ಮೇಲೆ ಕೂತ ಮನುಷ್ಯ ಹೇಗಿದ್ದಾನೆ ಎಂದು ಕೇಳಿ.