ಇಬ್ಬರು ಬಲದಾಳುಗಳ ಲೆಕ್ಕ

"ಕೇಳಿರಿ, ಮಣಿಕೂಟದ ಜನರೇ! ದೊರೆ ಕಲ್ಲರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಮೂರು ವರ. ಒಂದು ತಪ್ಪಿದರೂ ತಲೆದಂಡ!"

ಡಂಗುರದವನು ಬೀದಿಬೀದಿಯಲ್ಲಿ ಸಾರಿದ. ಒಗಟುಗಳು ಬುಟ್ಟಿಚೆಂಡಿನ ಬಗ್ಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎತ್ತರದ ಕಂಬದ ಬುಟ್ಟಿಗೆ ಚೆಂಡು ಹಾಕುವ ಆಟವದು. ಬುಟ್ಟಿಯಡಿಯ ನೂಕಾಟದಲ್ಲಿ ನಿಂತು ಆಡುವವನು ಬಲದಾಳು. ಕಳೆದ ವರ್ಷ ದೊರೆ ಇಬ್ಬರು ಬಲದಾಳುಗಳಲ್ಲಿ ಜಟ್ಟಿಗನನ್ನು ಇಟ್ಟುಕೊಂಡು ಕೇತಯ್ಯನನ್ನು ಕಳಿಸಿಬಿಟ್ಟಿದ್ದ. ನೆರೆರಾಜ್ಯದ ಎದುರು ಜಟ್ಟಿಗ ಒಂದು ಬುಟ್ಟಿಯನ್ನೂ ಹಾಕಲಿಲ್ಲ. ಮಣಿಕೂಟ ಸೋತಿತು. ಕೇತಯ್ಯ ಈಗ ಕಲ್ಲುಗಣಿಯಲ್ಲಿ ಕಲ್ಲು ಹೊರುತ್ತಿದ್ದ.

ಡಂಗುರ ಕೇಳಿದವರಲ್ಲಿ ಬೊಪ್ಪನೂ ಇದ್ದ. ಆಟದ ಲೆಕ್ಕ ಇಡುವವನು ಅವನೇ. ಗಣಿಯ ದಾರಿಯಲ್ಲಿ ಕೇತಯ್ಯನನ್ನು ಕಂಡಾಗಲೆಲ್ಲ ಅವನು ಮರದ ಮರೆಗೆ ಸರಿಯುತ್ತಿದ್ದ.

ಸಭೆಯಲ್ಲಿ ಮೊದಲು ಮಂತ್ರಿಯ ಮಗ ಸೋಮರಸ ಎದ್ದ.

"ಹತ್ತು ಆಟಗಳಲ್ಲಿ ಯಾರೋ ಇಬ್ಬರು ತಲಾ ನೂರು ಬುಟ್ಟಿ ಹಾಕಿದರು" ಎಂದ ದೊರೆ. "ಒಬ್ಬನಿದ್ದರೆ ನನಗೆ ನೆಮ್ಮದಿ, ಇನ್ನೊಬ್ಬನಿದ್ದರೆ ಎದೆಬಡಿತ. ಏಕೆ?"

"ಇನ್ನೊಬ್ಬ ಮಹಾರಾಣಿಯವರ ನೆಂಟನಿರಬೇಕು, ಪ್ರಭು."

ಸಭೆ ನಕ್ಕಿತು. ದೊರೆ ನಗಲಿಲ್ಲ. ತಲೆದಂಡದ ದಿನದವರೆಗೆ ಇರಲೆಂದು ಸೋಮರಸನನ್ನು ಸೆರೆಗೆ ಒಯ್ದರು.

ಗರಡಿಯ ಮಾರನಾಯಕ ಮೊದಲನೆಯದನ್ನು ಹೇಗೋ ಬಿಡಿಸಿದ. ಎರಡನೆಯದು: "ಬುಟ್ಟಿಗೆ ಬೀಳದ ಚೆಂಡಿನಿಂದಲೂ ಬಲದಾಳು ಆಟ ಗೆಲ್ಲಿಸುತ್ತಾನೆ. ಹೇಗೆ?"

"ಅದನ್ನು ಎದುರಾಳಿಯ ಮೂಗಿಗೆ ಹೊಡೆದು, ಬುದ್ಧಿ!"

"ಅದು ನಿನ್ನ ಗರಡಿಯಲ್ಲಿ" ಎಂದ ದೊರೆ. ಅವನೂ ಸೆರೆಗೆ ಹೋದ.

ಆಮೇಲೆ ಯಾರೂ ಏಳಲಿಲ್ಲ. ಬೊಪ್ಪ ಲೆಕ್ಕದ ದಾರಗಳ ಕಟ್ಟನ್ನು ಕಂಕುಳಲ್ಲಿ ಹಿಡಿದು ಮುಂದೆ ಬಂದ.

"ಒಬ್ಬ ಪ್ರತಿ ಆಟದಲ್ಲೂ ಹತ್ತು ಹಾಕುತ್ತಾನೆ, ಬುದ್ಧಿ. ಇನ್ನೊಬ್ಬ ಒಂದು ದಿನ ಇಪ್ಪತ್ತು, ಮರುದಿನ ಏನೂ ಇಲ್ಲ. ಎರಡನೆಯದು, ತಪ್ಪಿ ಕೆಳಗೆ ಬಂದ ಚೆಂಡನ್ನು ಮೊದಲು ಹಿಡಿಯುವವನು ಎದುರಾಳಿಯ ಸರದಿಯನ್ನು ನಮಗೆ ತರುತ್ತಾನೆ. ಕೇತಯ್ಯ ಆಟಕ್ಕೆ ಹತ್ತಾದರೂ ಹಿಡಿಯುತ್ತಿದ್ದ."

"ಸರಿ. ಮೂರನೆಯದು ನನ್ನನ್ನೇ ಕೊರೆಯುತ್ತಿದೆ" ಎಂದ ದೊರೆ. "ಬುಟ್ಟಿಗೊಂದು ಗಂಟು, ಆಟಕ್ಕೊಂದು ದಾರ. ಜಟ್ಟಿಗನಿಗೆ ಆಟಕ್ಕೆ ಹದಿನಾರು ಬಂತು, ಕೇತಯ್ಯನಿಗೆ ಹನ್ನೆರಡು. ಗಂಟುಗಳನ್ನು ನಾನೇ ಎಣಿಸಿದೆ. ಒಂದೂ ಸುಳ್ಳಲ್ಲ. ಆದರೂ ಲೆಕ್ಕ ಸುಳ್ಳಾಯಿತು. ಸುಳ್ಳು ಎಲ್ಲಿದೆ?"

ಬೊಪ್ಪ ದಾರಗಳನ್ನು ನೆಲದ ಮೇಲೆ ಹರಡಿದ. ಕೇತಯ್ಯನವು ಹತ್ತು. ಜಟ್ಟಿಗನವು ಐದೇ.

"ಆಡಿದ್ದು ಇಬ್ಬರೂ ಹತ್ತು ಆಟ, ಬುದ್ಧಿ. ಐದು ಆಟಗಳಲ್ಲಿ ಜಟ್ಟಿಗ ಒಂದೂ ಹಾಕಲಿಲ್ಲ. ಗಂಟೇ ಇಲ್ಲದ ಮೇಲೆ ದಾರವೇಕೆ ಎಂದು ನಾನು ತೂಗುಹಾಕಲಿಲ್ಲ. ಎಂಬತ್ತು ಗಂಟನ್ನು ಹತ್ತು ಆಟಕ್ಕೆ ಹಂಚಬೇಕಿತ್ತು. ನಾನು ಐದಕ್ಕೆ ಹಂಚಿದೆ. ಆಟಕ್ಕೆ ಅವನದು ಎಂಟೇ."

"ಇದು ನಿನಗೆ ಯಾವಾಗ ತಿಳಿಯಿತು?"

"ಸೋತ ಮರುದಿನವೇ."

"ಇಷ್ಟು ದಿನ ಸುಮ್ಮನಿದ್ದೆಯಾ?"

"ಹೆದರಿದ್ದೆ, ಬುದ್ಧಿ."

ದೊರೆ ಬಗ್ಗಿ ಜಟ್ಟಿಗನ ಐದು ದಾರಗಳನ್ನು ಎತ್ತಿಕೊಂಡ. "ತಲೆ ತೆಗೆಸಬೇಕು ಅನ್ನಿಸುತ್ತಿದೆ. ಆದರೆ ಮಾತು ಕೊಟ್ಟಿದ್ದೇನೆ. ನಿನ್ನ ಮೂರು ವರ ಕೇಳು."

"ಸೋಮರಸನನ್ನು ಬಿಡಿಸಿ. ಮಾರನಾಯಕನನ್ನು ಬಿಡಿಸಿ. ಮೂರನೆಯದು, ಕೇತಯ್ಯನನ್ನು ಮತ್ತೆ ಬಲದಾಳು ಮಾಡಿ."

ದೊರೆ ಒಪ್ಪಿದ. ತನ್ನ ಶಾಲನ್ನೂ ಹೊದಿಸಿದ.

ಶಾಲು ಮಡಚಿಟ್ಟು ಬೊಪ್ಪ ಗಣಿಗೆ ನಡೆದ. ಈ ಸಲ ಮರೆಗೆ ಸರಿಯಲಿಲ್ಲ. ಎಲ್ಲವನ್ನೂ ಹೇಳಿದ. ಕೇತಯ್ಯ ಹೊತ್ತ ಕಲ್ಲನ್ನು ಇಳಿಸಿ ಅದರ ಮೇಲೆಯೇ ಕುಳಿತ.

"ನನ್ನ ಆಟವೇ ಕಡಿಮೆ ಅಂತ ನಂಬಿಬಿಟ್ಟಿದ್ದೆ, ಬೊಪ್ಪಣ್ಣ. ಮನೆಯಲ್ಲೂ ಹಾಗೇ ಹೇಳಿದ್ದೇನೆ."

"ತಪ್ಪು ನನ್ನದು, ಅಣ್ಣ."

"ಹಾಗಾದರೆ ನಡಿ. ನನ್ನ ಹೆಂಡತಿಯ ಮುಂದೆ, ಮಗಳ ಮುಂದೆ ನೀನೇ ಹೇಳು."

ಅವನು ಎದ್ದು ಮುಂದೆ ನಡೆದ. ಬೊಪ್ಪ ತಲೆ ತಗ್ಗಿಸಿ ಹಿಂದೆ ಹೋದ.