ಗ್ರೂಪ್ ಫೋಟೋದ ಮೂಲೆ

ಗದಗಿನ ಫೋಟೋಗ್ರಾಫರ್ ಮಕ್ತುಮಸಾಬನ ಜಾಣತನ ಕೇಳಬೇಕು. ಮಗಳ ಮದುವೆಯ ಫೋಟೋ ಕೆಲಸ ಅವನಿಗೆ ಒಪ್ಪಿಸಿದ್ದ ವಿರೂಪಾಕ್ಷಗೌಡರು ಒಂದು ದಿನ ಕ್ಯಾಮೆರಾ ಪತ್ರಿಕೆಯೊಂದನ್ನು ಹಿಡಿದು ಸ್ಟುಡಿಯೋಕ್ಕೆ ಬಂದರು.

“ನಿನ್ನ ಲೆನ್ಸ್ ಪರೀಕ್ಷೆ ಮಾಡಿ ಇದರಾಗ ಬರದಾರ. ನಡುವ ಛಲೋ, ಮೂಲಿ ಮಸುಕಂತ. ಮೊದಲನೇ ನಂಬರ್ ಬಂದ ಲೆನ್ಸ್ ಕೊಂಡು ತಾ. ಇಲ್ಲಾಂದ್ರ ಬ್ಯಾರೇದವರ್ನ ನೋಡ್ತೀನಿ.”

ಮಕ್ತುಮಸಾಬ ವಾದಕ್ಕೆ ಇಳಿಯಲಿಲ್ಲ.

“ಇರ್ಲಿ ಗೌಡ್ರ. ಗ್ರೂಪ್ ಫೋಟೋದಾಗ ನಡುವ ಯಾರು ಕುಂದರ್ತೀರಿ?”

“ನಾನ. ಮತ್ಯಾರು?”

“ಮೂಲ್ಯಾಗ?”

ಗೌಡರ ಕಣ್ಣ ಮುಂದೆ ಹೆಂಡತಿಯ ತಮ್ಮ ಬಂದ. ಹೊಲದ ತಂಟೆ ತೆಗೆದು ಮಾತು ಬಿಟ್ಟವನು. ಮದುವೆಗೆ ಅವನನ್ನು ಕರೆಯದೆ ವಿಧಿಯಿಲ್ಲ, ಬಂದರೆ ಫೋಟೋಕ್ಕೆ ನಿಲ್ಲದೆ ಬಿಡುವವನಲ್ಲ. ಗೌಡರ ಮೀಸೆಯಡಿ ನಗು ಹರಡಿತು.

“ಇದ ಲೆನ್ಸ್ ಇರ್ಲಿ,” ಅಂದರು.

ಮದುವೆಯ ದಿನ ಗೌಡರೇ ಭಾವಮೈದುನನ ಕೈ ಹಿಡಿದು, “ತುದಿಗೆ ನಿಂದರಪಾ, ಗಾಳಿ ಛಲೋ ಬರ್ತೈತಿ,” ಎಂದು ನಿಲ್ಲಿಸಿದರು. ಮಕ್ತುಮಸಾಬ ಮದುವೆಗೆ ಬಂದ ಯಾರ ಮುಖವನ್ನೂ ಫೋಟೋದಲ್ಲಿ ಕೆಡಿಸಿದವನಲ್ಲ. ಸುಡುಬಿಸಿಲಿತ್ತು. ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ ಕಿರಿದು ಮಾಡಿದ. ಹಾಗೆ ಮಾಡಿದರೆ ಆ ಲೆನ್ಸಿನಲ್ಲಿ ಮೂಲೆಯೂ ಸ್ಪಷ್ಟ ಬೀಳುತ್ತದೆ.

ಆಲ್ಬಮ್ ಕೈಗೆ ಬಂದದ್ದೇ ಗೌಡರು ಸ್ಟುಡಿಯೋಕ್ಕೆ ಓಡಿಬಂದರು.

“ಮೂಲ್ಯಾಗ ನಿಂತ ಇವನ ಮೀಸಿ ಕೂದಲಾ ಎಣಿಸಬಹುದಲ್ಲೋ. ಮಸುಕು ಎಲ್ಲೈತಿ?”

ಮಕ್ತುಮಸಾಬ ಲೆನ್ಸ್ ಒರೆಸುತ್ತಾ ಹೇಳಿದ: “ಪತ್ರಿಕ್ಯಾಗ ಐತಲ್ರಿ, ಗೌಡ್ರ.”